ನೆಗಡಿಯಿಂದ ಕೆರಳುವ ಉಬ್ಬಸ: ಸ್ಟೀರಾಯ್ಡಿಗೆ ಮಣಿಯದ ಉರಿಯೂತ ಮತ್ತು ಅದರ ಚಿಕಿತ್ಸೆ

ಹುಟ್ಟಿದ ಗಳಿಗೆಯಿಂದ ಬಿಡುವಿಲ್ಲದೆ ನಡೆಯುವ ಉಸಿರಾಟವನ್ನು ಆರೋಗ್ಯವಂತನು ಗಮನಿಸುವುದೇ ಇಲ್ಲ. ಉಬ್ಬಸದ ರೋಗಿಗಾದರೋ ಒಂದೊಂದು ಉಸಿರೂ ದುಡಿದು ಗಳಿಸಬೇಕಾದ ವಸ್ತು. ಗೂರಲು, ದಮ್ಮು, ಉಬ್ಬಸ, ಆಸ್ತಮಾ ಎಂದು ನಾಡಿನ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಹೆಸರಿನಿಂದ ಪರಿಚಿತವಾಗಿರುವ ಈ ವ್ಯಾಧಿಯು ಬಹುಪಾಲು ರೋಗಿಗಳಲ್ಲಿ ಸ್ಟೀರಾಯ್ಡ್ ವರ್ಗದ ಔಷಧಗಳಿಂದ ಹತೋಟಿಗೆ ಬರುತ್ತದೆ. ಆದರೆ ಸಾಮಾನ್ಯ ನೆಗಡಿಯೊಂದು ತಗುಲಿದೊಡನೆ, ಅದುವರೆಗೆ ಅಡಗಿದ್ದ ರೋಗವು ಕೆರಳಿ, ನಿನ್ನೆಯವರೆಗೆ ಗುಣ ತೋರುತ್ತಿದ್ದ ಅದೇ ಔಷಧಕ್ಕೆ ಸರಿಯಾಗಿ ಮಣಿಯದೆ ಹೋಗುವುದುಂಟು.

ಇಂತಹ ಸಂದರ್ಭದಲ್ಲಿ ಜನರು ಎರಡು ಬಗೆಯ ತಪ್ಪು ಮಾಡುತ್ತಾರೆ. ಔಷಧವು ಕೈಕೊಟ್ಟಿತೆಂದು ಬಗೆದು ಅದನ್ನು ಪೂರ್ತಿಯಾಗಿ ಬಿಟ್ಟುಬಿಡುವವರು ಕೆಲವರು. ಪ್ರತಿಯೊಂದು ನೆಗಡಿಗೂ ಸ್ಟೀರಾಯ್ಡ್ ಗುಳಿಗೆಗಳನ್ನು ತಾವೇ ಕೊಂಡು ನುಂಗುವವರು ಮತ್ತೆ ಕೆಲವರು. ಈ ಎರಡು ದಾರಿಗಳೂ ಅಪಾಯಕ್ಕೆ ಒಯ್ಯತಕ್ಕವು. ವೈರಸ್ಸಿನ ಸೋಂಕಿನಿಂದ ಶ್ವಾಸನಾಳದಲ್ಲಿ ಏನಾಗುತ್ತದೆ, ಆಗ ಸ್ಟೀರಾಯ್ಡಿನ ಶಕ್ತಿ ಏಕೆ ಕುಂದುತ್ತದೆ, ವೈದ್ಯವಿಜ್ಞಾನವು ಅದಕ್ಕೆ ಯಾವ ಪರಿಹಾರಗಳನ್ನು ಕಂಡುಕೊಂಡಿದೆ ಎಂಬುದನ್ನು ಅರಿತರೆ ಈ ಎರಡು ತಪ್ಪುಗಳಿಂದಲೂ ದೂರವಿರಬಹುದು.

ಉಬ್ಬಸದ ಸ್ವರೂಪ

ಗಂಟಲಿನಿಂದ ಕೆಳಗಿಳಿಯುವ ಶ್ವಾಸನಾಳವು ಎರಡಾಗಿ ಒಡೆದು, ಮತ್ತೆ ಮತ್ತೆ ಕವಲೊಡೆದು, ತಲೆಕೆಳಗಾಗಿ ನಿಲ್ಲಿಸಿದ ಮರದಂತೆ ಶ್ವಾಸಕೋಶದ ತುಂಬ ಹರಡಿಕೊಂಡಿದೆ. ಉಬ್ಬಸ ಬಂದಾಗ ಈ ಕವಲುಗಳಲ್ಲಿ ಮೂರು ಬದಲಾವಣೆಗಳಾಗುತ್ತವೆ. ನಾಳವನ್ನು ಸುತ್ತಿಕೊಂಡಿರುವ ಸ್ನಾಯುಗಳು ಬಿಗಿಯುತ್ತವೆ. ಒಳಗಿನ ಲೋಳೆಪೊರೆ ಊದಿಕೊಳ್ಳುತ್ತದೆ. ಅಂಟಾದ ಕಫವು ಅಳಿದುಳಿದ ದಾರಿಯನ್ನೂ ಮುಚ್ಚುತ್ತದೆ. ಇಕ್ಕಟ್ಟಾದ ಈ ದಾರಿಯಲ್ಲಿ ಗಾಳಿಯು ಹೊರಬೀಳುವಾಗ ಕೇಳಿಬರುವುದೇ ರೋಗಿಯ ಎದೆಯ ಸಿಳ್ಳೆಯಂತಹ ಸದ್ದು.

ಬಹುಕಾಲದವರೆಗೆ ಉಬ್ಬಸವೆಂದರೆ ಸ್ನಾಯುಗಳ ಸೆಳೆತವೆಂದೇ ಎಣಿಸಲಾಗಿತ್ತು. ಈ ಸೆಳೆತವನ್ನು ಸಡಿಲಿಸುವ ಸಾಲ್ಬ್ಯುಟಮಾಲ್ ೧೯೬೯ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದು ಕೋಟ್ಯಂತರ ರೋಗಿಗಳಿಗೆ ಆಸರೆಯಾಯಿತು. ಆದರೆ ಸೆಳೆತದ ಹಿಂದೆ, ರೋಗಿಯು ಆರಾಮವಾಗಿ ಕಾಣುವ ದಿನಗಳಲ್ಲೂ ಒಳಗೊಳಗೇ ಹೊಗೆಯಾಡುವ ಉರಿಯೂತವಿದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಸಾಲ್ಬ್ಯುಟಮಾಲ್ ಬಿಗಿತವನ್ನು ಬಿಡಿಸೀತೇ ಹೊರತು ಉರಿಯೂತವನ್ನು ಆರಿಸಲಾರದು. ಆರಿಸುವ ಕೆಲಸ ಸ್ಟೀರಾಯ್ಡಿನದು.

ಸ್ಟೀರಾಯ್ಡ್ ಬಂದ ಬಗೆ

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಒಸರುವ ರಸಗಳಲ್ಲಿ ಉರಿಯೂತವನ್ನು ಅಡಗಿಸುವ ಶಕ್ತಿಯಿದೆ. ೧೯೪೮ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನನ್ನು ಕೊಟ್ಟು ಅದ್ಭುತ ಫಲ ಕಂಡರು. ೧೯೫೦ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ತಾದೇಯುಸ್ ರೈಖ್‌ಸ್ಟೈನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ೧೯೫೬ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಉಬ್ಬಸದಲ್ಲಿ ಕಾರ್ಟಿಸೋನನ್ನು ಕ್ರಮಬದ್ಧವಾಗಿ ಪರೀಕ್ಷಿಸಿ ಅದರ ಫಲಿತಾಂಶವನ್ನು ಪ್ರಕಟಿಸಿತು.

ಆದರೆ ಗುಳಿಗೆಯ ರೂಪದಲ್ಲಿ ತಿಂಗಳುಗಟ್ಟಲೆ ಸೇವಿಸಿದಾಗ ಮೂಳೆ ಸವೆಯುವುದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಪೊರೆ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಮುಂತಾದ ದೋಷಗಳು ತಲೆದೋರಿದವು. ಔಷಧವನ್ನು ನೇರವಾಗಿ ಶ್ವಾಸನಾಳಕ್ಕೇ ತಲುಪಿಸುವ ಬೆಕ್ಲೊಮೆಥಸೋನ್ ಇನ್ಹೇಲರ್ ೧೯೭೨ರಲ್ಲಿ ಬಂದುದು ಈ ಕಾರಣದಿಂದ ಮಹತ್ವದ ತಿರುವು. ಗುಳಿಗೆಯ ಪ್ರಮಾಣವನ್ನು ಮಿಲಿಗ್ರಾಮುಗಳಲ್ಲಿ ಎಣಿಸಿದರೆ, ಸೇದುವ ಔಷಧವನ್ನು ಅದರ ಸಾವಿರದಲ್ಲೊಂದು ಭಾಗವಾದ ಮೈಕ್ರೋಗ್ರಾಮುಗಳಲ್ಲಿ ಎಣಿಸುತ್ತಾರೆ. ಇನ್ಹೇಲರನ್ನೂ ಗುಳಿಗೆಯನ್ನೂ ಒಂದೇ ಎಂದು ತಿಳಿದು ಹೆದರುವವರು ಈ ವ್ಯತ್ಯಾಸವನ್ನು ಮನಗಾಣಬೇಕು.

ಇಷ್ಟಾದರೂ ಎಲ್ಲ ರೋಗಿಗಳೂ ಒಂದೇ ಬಗೆಯಲ್ಲಿ ಗುಣ ಹೊಂದಲಿಲ್ಲ. ಹೇರಳ ಪ್ರಮಾಣದ ಸ್ಟೀರಾಯ್ಡಿಗೂ ಸ್ಪಂದಿಸದ ಕೆಲವು ಉಬ್ಬಸ ರೋಗಿಗಳ ವಿಚಾರವನ್ನು ಅಮೆರಿಕದ ವೈದ್ಯರು ೧೯೬೮ರಲ್ಲಿಯೇ ವರದಿ ಮಾಡಿದ್ದರು. ಅಲ್ಲಿಂದ ಮುಂದೆ ಈ ಪ್ರಶ್ನೆ ಸಂಶೋಧಕರನ್ನು ಕಾಡುತ್ತಲೇ ಬಂದಿದೆ.

ವೈರಸ್ಸಿನ ಪಾತ್ರ

ಸಾಮಾನ್ಯ ನೆಗಡಿಗೆ ಮುಖ್ಯ ಕಾರಣವಾದ ರೈನೊವೈರಸ್ ೧೯೫೬ರಲ್ಲಿ ಪತ್ತೆಯಾಯಿತು. ಇದರಲ್ಲಿ ನೂರ ಅರವತ್ತಕ್ಕೂ ಮಿಗಿಲಾದ ಬಗೆಗಳಿವೆ. ಒಂದು ಬಗೆಯ ವಿರುದ್ಧ ದೇಹವು ಪಡೆದ ರಕ್ಷಣೆ ಮತ್ತೊಂದಕ್ಕೆ ಪೂರ್ತಿ ಸಾಲದು. ಮನುಷ್ಯನಿಗೆ ವರ್ಷ ವರ್ಷವೂ ನೆಗಡಿ ಬರುವುದಕ್ಕೂ, ನೆಗಡಿಗೆ ಈವರೆಗೆ ಲಸಿಕೆ ಸಿದ್ಧವಾಗದಿರುವುದಕ್ಕೂ ಇದೇ ಕಾರಣ.

ನೆಗಡಿಗೂ ಉಬ್ಬಸಕ್ಕೂ ಇರುವ ನಂಟು ಎಷ್ಟು ಗಾಢವೆಂಬುದನ್ನು ೧೯೯೫ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ತೋರಿಸಿಕೊಟ್ಟಿತು. ಸೌತಾಂಪ್ಟನ್ ಪ್ರದೇಶದ ೯ರಿಂದ ೧೧ ವರ್ಷ ವಯಸ್ಸಿನ ೧೦೮ ಮಕ್ಕಳನ್ನು ಸಂಶೋಧಕರು ಗಮನಿಸುತ್ತ ಹೋದರು. ಉಬ್ಬಸ ಕೆರಳಿದ ಸಂದರ್ಭಗಳಲ್ಲಿ ನೂರಕ್ಕೆ ೮೦ರಿಂದ ೮೫ರಲ್ಲಿ ಯಾವುದಾದರೊಂದು ವೈರಸ್ ಪತ್ತೆಯಾಯಿತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ರೈನೊವೈರಸ್ ಗುಂಪಿನವು. ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಸೆಪ್ಟೆಂಬರ್ ತಿಂಗಳಿನಲ್ಲಿ ಕೆನಡ ಮತ್ತು ಬ್ರಿಟನ್ನಿನ ಆಸ್ಪತ್ರೆಗಳಿಗೆ ಉಬ್ಬಸದ ಮಕ್ಕಳು ಹಿಂಡುಹಿಂಡಾಗಿ ಬರುವುದನ್ನೂ ಸಂಶೋಧಕರು ವರ್ಷಾನುವರ್ಷ ಗುರುತಿಸಿದ್ದಾರೆ. ಇದರ ವಿರುದ್ಧ ದಿಕ್ಕಿನ ಸಾಕ್ಷ್ಯವು ೨೦೨೦ರಲ್ಲಿ ದೊರಕಿತು. ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿ, ಜನರು ಮುಖಗವಸು ತೊಟ್ಟಾಗ ಅನೇಕ ದೇಶಗಳಲ್ಲಿ ಉಬ್ಬಸದ ತೀವ್ರ ದಾಳಿಗಳು ಗಮನಾರ್ಹವಾಗಿ ಇಳಿದವು.

ಒಂದೇ ನೆಗಡಿ ಇತರರಿಗೆ ಮೂಗು ಸೋರುವಷ್ಟಕ್ಕೆ ಮುಗಿದು, ಉಬ್ಬಸದವರಿಗೆ ಮಾತ್ರ ಎದೆಗಿಳಿಯುವುದೇಕೆ? ವೈರಸ್ ಹೊಕ್ಕ ಜೀವಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ತಯಾರಿಸಿ ಸುತ್ತಲಿನ ಕೋಶಗಳನ್ನು ಎಚ್ಚರಿಸುವುದು ದೇಹದ ಮೊದಲ ರಕ್ಷಣೆ. ಕೆಲವು ಉಬ್ಬಸ ರೋಗಿಗಳ ಶ್ವಾಸನಾಳದ ಕೋಶಗಳು ಈ ಇಂಟರ್‌ಫೆರಾನನ್ನು ಕಡಿಮೆಯಾಗಿ ಉತ್ಪಾದಿಸುತ್ತವೆಂದು ೨೦೦೫ರಲ್ಲಿ ಸೌತಾಂಪ್ಟನ್ನಿನ ಪ್ರಯೋಗಾಲಯದಲ್ಲಿ ಕಂಡುಬಂದಿತು. ಕಾವಲು ದುರ್ಬಲವಾದಲ್ಲಿ ವೈರಸ್ ಹೆಚ್ಚು ವೃದ್ಧಿಯಾಗುತ್ತದೆ. ಅದನ್ನು ಎದುರಿಸಲು ದೇಹವು ಹೂಡುವ ಉರಿಯೂತವೂ ಮಿತಿಮೀರುತ್ತದೆ.

ಔಷಧವು ಸೋಲುವುದೇಕೆ?

ಸ್ಟೀರಾಯ್ಡ್ ಜೀವಕೋಶದೊಳಗೆ ಪ್ರವೇಶಿಸಿ, ಅಲ್ಲಿ ತನಗಾಗಿಯೇ ಇರುವ ಗ್ರಾಹಕವೊಂದನ್ನು ಕೂಡಿಕೊಂಡು, ಕೋಶದ ಕೇಂದ್ರವಾದ ನ್ಯೂಕ್ಲಿಯಸ್ಸನ್ನು ಸೇರುತ್ತದೆ. ದೇಹದ ಸಮಸ್ತ ಆಜ್ಞೆಗಳೂ ಜೀನುಗಳ ರೂಪದಲ್ಲಿರುವುದು ಅಲ್ಲಿಯೇ. ಅದನ್ನೊಂದು ಗ್ರಂಥಭಂಡಾರವೆಂದು ಭಾವಿಸಿದರೆ, ಉರಿಯೂತದ ಕಾಲದಲ್ಲಿ ಕೆಲವು ಗ್ರಂಥಗಳು ತೆರೆದುಕೊಂಡು ಅವುಗಳ ಪ್ರತಿಗಳು ಒಂದೇ ಸಮನೆ ತಯಾರಾಗುತ್ತಿರುತ್ತವೆ ಎನ್ನಬಹುದು. ಈ ತೆರೆದ ಗ್ರಂಥಗಳನ್ನು ಮುಚ್ಚಿಡುವ ಕೆಲಸ ಮಾಡುವ ಕಿಣ್ವವೊಂದನ್ನು ಸ್ಟೀರಾಯ್ಡ್ ಅಲ್ಲಿಗೆ ಕರೆತರುತ್ತದೆ. ಹಿಸ್ಟೋನ್ ಡಿಅಸಿಟೈಲೇಸ್-೨ ಎಂಬುದು ಅದರ ಹೆಸರು.

ವೈರಸ್ ಸೋಂಕಿನಲ್ಲಿ ಈ ವ್ಯವಸ್ಥೆ ಮೂರು ಕಡೆ ಕೆಡುತ್ತದೆ. ಮೊದಲನೆಯದಾಗಿ, ಸೋಂಕು ತಗುಲಿದ ಕೋಶದಲ್ಲಿ ಎಚ್ಚರಗೊಳ್ಳುವ ಕೆಲವು ಸಂಕೇತ ಪ್ರೋಟೀನುಗಳು ಸ್ಟೀರಾಯ್ಡಿನ ಗ್ರಾಹಕವು ನ್ಯೂಕ್ಲಿಯಸ್ಸನ್ನು ತಲುಪದಂತೆ ತಡೆಯುತ್ತವೆ. ರೈನೊವೈರಸ್ ತಗುಲಿದ ಶ್ವಾಸನಾಳದ ಕೋಶಗಳಲ್ಲಿ ಹೀಗಾಗುವುದನ್ನು ೨೦೧೩ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕೀಲಿಕೈ ಇದ್ದೂ ಬಾಗಿಲವರೆಗೆ ಹೋಗಲಾಗದ ಸ್ಥಿತಿ ಇದು. ಎರಡನೆಯದಾಗಿ, ಗಾಯಗೊಂಡ ಲೋಳೆಪೊರೆಯು ಟಿ.ಎಸ್.ಎಲ್.ಪಿ., ಇಂಟರ್‌ಲ್ಯೂಕಿನ್-೩೩ ಮುಂತಾದ ಅಪಾಯಸೂಚಕ ಪ್ರೋಟೀನುಗಳನ್ನು ಹೊರಸೂಸುತ್ತದೆ. ಇವು ಒಂದು ಜಾತಿಯ ಬಿಳಿ ರಕ್ತಕಣಗಳನ್ನು ಕೆರಳಿಸುತ್ತವೆ, ಟಿ.ಎಸ್.ಎಲ್.ಪಿ.ಯ ಪ್ರಭಾವಕ್ಕೆ ಒಳಗಾದ ಆ ಕಣಗಳು ಸ್ಟೀರಾಯ್ಡಿಗೆ ಜಗ್ಗುವುದಿಲ್ಲ. ಮೂರನೆಯದು ರಕ್ತಕಣಗಳ ಜಾತಿಗೆ ಸಂಬಂಧಿಸಿದ್ದು. ಅಲರ್ಜಿಯ ಉಬ್ಬಸದಲ್ಲಿ ಮುಂದಾಳುಗಳಾದ ಇಯೋಸಿನೋಫಿಲ್ ಕಣಗಳು ಸ್ಟೀರಾಯ್ಡಿನಿಂದ ಬೇಗನೆ ಸಾಯುತ್ತವೆ. ವೈರಸ್ ಸೋಂಕಿನಲ್ಲಿ ಧಾವಿಸಿ ಬರುವ ನ್ಯೂಟ್ರೋಫಿಲ್ ಕಣಗಳ ಆಯುಸ್ಸಾದರೋ ಸ್ಟೀರಾಯ್ಡಿನಿಂದ ಕುಗ್ಗುವ ಬದಲು ಹಿಗ್ಗುತ್ತದೆ.

ಧೂಮಪಾನವು ಇದಕ್ಕೆ ತುಪ್ಪ ಸುರಿಯುತ್ತದೆ. ಸಿಗರೇಟಿನ ಹೊಗೆಯು ಮೇಲೆ ಹೇಳಿದ ಕಿಣ್ವವನ್ನೇ ಕುಂದಿಸುವುದರಿಂದ ಧೂಮಪಾನಿಯಾದ ಉಬ್ಬಸ ರೋಗಿಗೆ ಸ್ಟೀರಾಯ್ಡ್ ಸಾಕಷ್ಟು ಫಲ ಕೊಡದು.

ಮಣಿಯದೆಂದು ನಿರ್ಧರಿಸುವ ಮೊದಲು

ಔಷಧಕ್ಕೆ ಮಣಿಯದ ರೋಗವೂ, ಔಷಧವೇ ತಲುಪದ ರೋಗವೂ ಹೊರಗಿನಿಂದ ನೋಡುವವರಿಗೆ ಒಂದೇ ತೆರನಾಗಿ ಕಾಣುತ್ತವೆ. ದಿನಕ್ಕೆ ೪೦ ಮಿಲಿಗ್ರಾಂ ಪ್ರೆಡ್ನಿಸೊಲೋನನ್ನು ಎರಡು ವಾರ ಕೊಟ್ಟ ಮೇಲೂ ಉಸಿರಿನ ರಭಸವು ನೂರಕ್ಕೆ ಹದಿನೈದರಷ್ಟೂ ಸುಧಾರಿಸದಿದ್ದರೆ ಅಂತಹ ರೋಗಿಯನ್ನು ಸ್ಟೀರಾಯ್ಡಿಗೆ ಮಣಿಯದವನೆಂದು ಕರೆಯುವುದು ಹಿಂದಿನಿಂದ ಬಂದ ವಾಡಿಕೆ. ಪೂರ್ತಿಯಾಗಿ ಮಣಿಯದವರು ವಿರಳ. ಅರೆಬರೆಯಾಗಿ ಮಣಿಯುವವರೇ ಹೆಚ್ಚು.

ನೆದರ್ಲೆಂಡಿನಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಅಧ್ಯಯನವು ಈ ದೃಷ್ಟಿಯಿಂದ ಬಹಳ ಬೋಧಪ್ರದ. ವಯಸ್ಕ ಉಬ್ಬಸ ರೋಗಿಗಳಲ್ಲಿ ನೂರಕ್ಕೆ ಸುಮಾರು ೧೭ ಮಂದಿಯ ರೋಗವು ಹೆಚ್ಚಿನ ಔಷಧಕ್ಕೂ ಹತೋಟಿಗೆ ಬಂದಿರಲಿಲ್ಲ. ಆದರೆ ಅವರು ಇನ್ಹೇಲರನ್ನು ಸರಿಯಾಗಿ ಸೇದುತ್ತಿದ್ದಾರೆಯೇ, ತಪ್ಪದೆ ಬಳಸುತ್ತಿದ್ದಾರೆಯೇ ಎಂದು ಪರಿಶೀಲಿಸಿದ ಮೇಲೆ, ನಿಜವಾಗಿ ಕಠಿಣ ಸ್ವರೂಪದ ಉಬ್ಬಸವುಳ್ಳವರು ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆಯೆಂದು ತಿಳಿದುಬಂದಿತು. ಉಳಿದವರಲ್ಲಿ ಔಷಧವು ಸೋತಿರಲಿಲ್ಲ. ಅದು ಶ್ವಾಸನಾಳವನ್ನು ಸರಿಯಾಗಿ ಸೇರಿಯೇ ಇರಲಿಲ್ಲ. ಆದುದರಿಂದ ತಜ್ಞ ವೈದ್ಯರು ಹೊಸ ಔಷಧವನ್ನು ಬರೆಯುವ ಮೊದಲು ರೋಗಿಯಿಂದ ತಮ್ಮೆದುರಿನಲ್ಲೇ ಇನ್ಹೇಲರ್ ಸೇದಿಸಿ ನೋಡುತ್ತಾರೆ. ಕ್ಷಯ, ಹೃದ್ರೋಗ, ಸ್ವರತಂತುಗಳ ದೋಷ ಮೊದಲಾದವು ಉಬ್ಬಸದ ವೇಷದಲ್ಲಿ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಚಿಕಿತ್ಸೆಯ ದಾರಿಗಳು

ವೈರಸ್ಸಿನಿಂದ ಕೆರಳಿದ ದಾಳಿಯಲ್ಲಿ ಮೊದಲ ಕರ್ತವ್ಯವು ಉಸಿರಿನ ದಾರಿಯನ್ನು ತೆರೆಯುವುದು. ಸಾಲ್ಬ್ಯುಟಮಾಲನ್ನು ಸ್ಪೇಸರ್ ಎಂಬ ಕೊಳವೆಯ ಮೂಲಕ ಅಥವಾ ನೆಬ್ಯುಲೈಸರಿನ ಮೂಲಕ ಕೊಡುವುದು, ಅಗತ್ಯ ಬಿದ್ದರೆ ಆಮ್ಲಜನಕ, ತೀವ್ರ ದಾಳಿಯಲ್ಲಿ ಇಪ್ರಟ್ರೋಪಿಯಂ ಮತ್ತು ರಕ್ತನಾಳದ ಮೂಲಕ ಮೆಗ್ನೀಸಿಯಂ ಸಲ್ಫೇಟ್ ಕೊಡುವುದು ರೂಢಿಯಲ್ಲಿವೆ. ಇವು ಸ್ಟೀರಾಯ್ಡಿನ ಹಂಗಿಲ್ಲದೆ ಕೆಲಸ ಮಾಡುತ್ತವೆ. ಹಾಗೆಂದು ಸ್ಟೀರಾಯ್ಡನ್ನು ಕೈಬಿಡುವಂತಿಲ್ಲ. ವಯಸ್ಕರ ಮತ್ತು ಶಾಲಾವಯಸ್ಸಿನ ಮಕ್ಕಳ ತೀವ್ರ ದಾಳಿಯಲ್ಲಿ ಕೆಲವು ದಿನಗಳ ಮಟ್ಟಿಗೆ ಕೊಡುವ ಪ್ರೆಡ್ನಿಸೊಲೋನ್ ಇಂದಿಗೂ ಜೀವರಕ್ಷಕವೇ ಆಗಿದೆ.

ಎಳೆಯ ಮಕ್ಕಳ ವಿಷಯ ಬೇರೆ. ೨೦೦೯ರಲ್ಲಿ ಇಂಗ್ಲೆಂಡಿನಲ್ಲಿ ೧೦ ತಿಂಗಳಿನಿಂದ ೫ ವರ್ಷದವರೆಗಿನ ೬೮೭ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು. ವೈರಸ್ಸಿನಿಂದ ಉಬ್ಬಸ ಬಂದ ಈ ಮಕ್ಕಳಲ್ಲಿ ಪ್ರೆಡ್ನಿಸೊಲೋನ್ ಪಡೆದವರೂ ಹುಸಿ ಔಷಧ ಪಡೆದವರೂ ಆಸ್ಪತ್ರೆಯಲ್ಲಿ ಕಳೆದ ಕಾಲಾವಧಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅನಂತರದ ಅಧ್ಯಯನಗಳು ಕೆಲವು ಮಕ್ಕಳಿಗೆ ಪ್ರಯೋಜನವಿದೆಯೆಂದು ಹೇಳಿವೆಯಾದರೂ, ಸಣ್ಣಪುಟ್ಟ ನೆಗಡಿಯ ಗೊರಗೊರಕ್ಕೆಲ್ಲ ಎಳೆಯ ಮಗುವಿಗೆ ಸ್ಟೀರಾಯ್ಡ್ ಕುಡಿಸುವುದು ಸರಿಯಲ್ಲ.

ನೆಗಡಿ ಬಂದೊಡನೆ ಸೇದುವ ಸ್ಟೀರಾಯ್ಡನ್ನು ಹೆಚ್ಚಿಸಿದರೆ ಹೇಗೆ? ೨೦೧೮ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳು ಇದನ್ನೇ ಅಳೆದು ನೋಡಿದವು. ವಯಸ್ಕರಲ್ಲಿಯೂ ಹದಿಹರೆಯದವರಲ್ಲಿಯೂ ಪ್ರಮಾಣವನ್ನು ನಾಲ್ಕು ಪಟ್ಟು ಮಾಡಿದಾಗ ತೀವ್ರ ದಾಳಿಗೊಳಗಾದವರ ಸಂಖ್ಯೆ ನೂರಕ್ಕೆ ೫೨ರಿಂದ ೪೫ಕ್ಕೆ ಇಳಿಯಿತು. ೫ರಿಂದ ೧೧ ವರ್ಷದ ಮಕ್ಕಳಲ್ಲಿ ಐದು ಪಟ್ಟು ಮಾಡಿದರೂ ಲಾಭ ಕಾಣಲಿಲ್ಲ. ಬೀಗ ಕೆಟ್ಟಿರುವಾಗ ಕೀಲಿಕೈಗಳನ್ನು ಹೆಚ್ಚಿಸಿ ಫಲವೇನು? ಈ ಕಾರಣದಿಂದ ವೈದ್ಯರು ಬೇರೆ ದಾರಿಗಳನ್ನು ಅರಸಿದರು.

ಸ್ಟೀರಾಯ್ಡಿನೊಂದಿಗೆ ನಾಳ ಹಿಗ್ಗಿಸುವ ಫಾರ್ಮೊಟೆರಾಲನ್ನು ಒಂದೇ ಇನ್ಹೇಲರಿನಲ್ಲಿ ಕೂಡಿಸಿ ದಿನವೂ, ಉಬ್ಬಸ ತೋರಿದಾಗಲೂ ಅದನ್ನೇ ಬಳಸುವ ವಿಧಾನವು ಇಂದು ಮನ್ನಣೆ ಪಡೆದಿದೆ. ಹರೆಯದವರೂ ವಯಸ್ಕರೂ ಸಾಲ್ಬ್ಯುಟಮಾಲ್ ಒಂದನ್ನೇ ನಂಬಿ ಕುಳಿತುಕೊಳ್ಳಬಾರದೆಂದು ಉಬ್ಬಸದ ಅಂತರರಾಷ್ಟ್ರೀಯ ಮಾರ್ಗಸೂಚಿಯು ೨೦೧೯ರಲ್ಲಿ ಘೋಷಿಸಿತು. ಎರಡು ಔಷಧಗಳಿಗೂ ಹತೋಟಿಗೆ ಬಾರದವರಿಗೆ ಟಯೊಟ್ರೋಪಿಯಂ ಸೇರಿಸುವುದರಿಂದ ಅನುಕೂಲವಾಗುತ್ತದೆಂದು ೨೦೧೨ರಲ್ಲಿ ಸಿದ್ಧಪಟ್ಟಿತು.

ಅಜಿತ್ರೊಮೈಸಿನ್ ಎಂಬ ಪ್ರತಿಜೈವಿಕದ ಕಥೆ ಕುತೂಹಲಕರವಾದುದು. ಪ್ರತಿಜೈವಿಕಗಳು ವೈರಸ್ಸನ್ನು ಕೊಲ್ಲಲಾರವು. ಆದರೆ ಈ ಔಷಧಕ್ಕೆ ಉರಿಯೂತವನ್ನು ತಗ್ಗಿಸುವ ಬೇರೊಂದು ಗುಣವೂ ಇದೆ. ಆಸ್ಟ್ರೇಲಿಯದಲ್ಲಿ ೪೨೦ ವಯಸ್ಕ ರೋಗಿಗಳಿಗೆ ವಾರಕ್ಕೆ ಮೂರು ಬಾರಿ ೫೦೦ ಮಿಲಿಗ್ರಾಮಿನಂತೆ ೪೮ ವಾರ ಅಜಿತ್ರೊಮೈಸಿನನ್ನಾಗಲಿ ಹುಸಿ ಔಷಧವನ್ನಾಗಲಿ ಕೊಟ್ಟು ನೋಡಲಾಯಿತು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶದಂತೆ ದಾಳಿಗಳ ಪ್ರಮಾಣವು ಒಬ್ಬರಿಗೆ ವರ್ಷಕ್ಕೆ ಸರಾಸರಿ ೧.೮೬ರ ಬದಲು ೧.೦೭ರಷ್ಟಿತ್ತು. ಆದರೆ ಇದು ತಜ್ಞರ ಕಣ್ಗಾವಲಿನಲ್ಲಿ ಆಯ್ದ ರೋಗಿಗಳಿಗೆ ಕೊಡತಕ್ಕ ಔಷಧ. ಹೃದಯದ ಬಡಿತವನ್ನೂ ಶ್ರವಣಶಕ್ತಿಯನ್ನೂ ಪರೀಕ್ಷಿಸಬೇಕಾಗುತ್ತದೆ. ನೆಗಡಿಗೊಮ್ಮೆ ಅಂಗಡಿಯಿಂದ ಕೊಂಡು ನುಂಗಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳನ್ನು ಸಾಕಿ ಬೆಳೆಸಿದಂತಾದೀತು.

ಇನ್ನು ಉರಿಯೂತದ ಒಂದೇ ಒಂದು ಕೊಂಡಿಯನ್ನು ಗುರಿಯಿಟ್ಟು ಹಿಡಿಯುವ ಪ್ರತಿಕಾಯಗಳ ಚುಚ್ಚುಮದ್ದುಗಳು. ಇವುಗಳಲ್ಲಿ ಮೊದಲನೆಯದಾದ ಓಮಾಲಿಜುಮ್ಯಾಬ್ ೨೦೦೩ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು. ಅಲ್ಲಿನ ನಗರಗಳ ಅಲರ್ಜಿಯುಳ್ಳ ಮಕ್ಕಳಿಗೆ ಶಾಲೆ ತೆರೆಯುವ ನಾಲ್ಕರಿಂದ ಆರು ವಾರ ಮೊದಲು ಇದನ್ನು ಆರಂಭಿಸಿದಾಗ, ಶರತ್ಕಾಲದ ದಾಳಿಗೆ ತುತ್ತಾದವರು ನೂರಕ್ಕೆ ೨೧ರ ಬದಲು ೧೧ರಷ್ಟೇ ಎಂದು ೨೦೧೫ರಲ್ಲಿ ವರದಿಯಾಯಿತು. ಕುಂದಿದ್ದ ಇಂಟರ್‌ಫೆರಾನ್ ಶಕ್ತಿಯೂ ಚೇತರಿಸಿಕೊಂಡಿತ್ತು. ೨೦೨೧ರಲ್ಲಿ ಮಾನ್ಯತೆ ಪಡೆದ ಟೆಜೆಪೆಲುಮ್ಯಾಬ್ ಮೇಲೆ ಹೇಳಿದ ಟಿ.ಎಸ್.ಎಲ್.ಪಿ.ಯನ್ನೇ ಕಟ್ಟಿಹಾಕುತ್ತದೆ, ೧,೦೬೧ ರೋಗಿಗಳ ಪರೀಕ್ಷೆಯಲ್ಲಿ ಅದು ದಾಳಿಗಳನ್ನು ಅರ್ಧಕ್ಕಿಂತಲೂ ಹೆಚ್ಚು ತಗ್ಗಿಸಿತು. ೨೦೨೪ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ, ಇಯೋಸಿನೋಫಿಲ್ ಹೆಚ್ಚಿರುವ ದಾಳಿಯ ನಡುವೆಯೇ ಒಮ್ಮೆ ಕೊಟ್ಟ ಬೆನ್ರಾಲಿಜುಮ್ಯಾಬ್ ಪ್ರೆಡ್ನಿಸೊಲೋನಿಗಿಂತ ಮೇಲೆನಿಸಿತು. ಇವೆಲ್ಲವೂ ದುಬಾರಿ ಔಷಧಗಳು. ರಕ್ತಪರೀಕ್ಷೆಯಿಂದ ಉರಿಯೂತದ ಜಾತಿಯನ್ನು ಗುರುತಿಸಿ ಕಠಿಣ ಉಬ್ಬಸದವರಿಗೆ ಮಾತ್ರ ಕೊಡತಕ್ಕವು.

ಎಲ್ಲ ಪ್ರಯತ್ನಗಳೂ ಕೈಗೂಡಲಿಲ್ಲವೆಂಬುದನ್ನೂ ಹೇಳಬೇಕು. ಕೊರತೆಯಾದ ಇಂಟರ್‌ಫೆರಾನನ್ನು ಸೇದಿಸಿ ತುಂಬುವ ಪರೀಕ್ಷೆಯು ೨೦೧೪ರಲ್ಲಿ ಒಟ್ಟಾರೆ ಗುರಿಯನ್ನು ಮುಟ್ಟಲಿಲ್ಲ. ಕಠಿಣ ಉಬ್ಬಸದ ಗುಂಪಿನಲ್ಲಿ ಮಾತ್ರ ಆಶಾದಾಯಕವೆನಿಸಿತು. ನ್ಯೂಟ್ರೋಫಿಲ್ ಕಣಗಳನ್ನು ತಡೆಯುವ ಔಷಧಗಳಿಂದ ಎಣಿಸಿದ ಫಲ ಬರಲಿಲ್ಲ. ನ್ಯೂಟ್ರೋಫಿಲ್ ಪ್ರಧಾನವಾದ ಉರಿಯೂತಕ್ಕೆ ನೇರ ಮದ್ದು ಇನ್ನೂ ದೊರೆಯಬೇಕಾಗಿದೆ.

ಶಾಲೆ ಮತ್ತು ಸಮಾಜದ ಹೊಣೆ

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉಬ್ಬಸವುಳ್ಳವರು ೧೯೭೯ರಲ್ಲಿ ನೂರಕ್ಕೆ ೯ ಇದ್ದದ್ದು ೧೯೯೯ರಲ್ಲಿ ೨೯.೫ಕ್ಕೆ ಏರಿತ್ತು. ಆಸ್ಪತ್ರೆಯ ಲೆಕ್ಕವು ಊರಿನ ಲೆಕ್ಕವಲ್ಲವಾದರೂ ಏರಿಕೆಯ ದಿಕ್ಕನ್ನು ಅದು ಸೂಚಿಸುತ್ತದೆ. ನಮ್ಮ ದೇಶದಲ್ಲಿ ದಿನನಿತ್ಯ ಇನ್ಹೇಲರ್ ಬಳಸಬೇಕಾದ ಅನೇಕರು ಬಳಸುತ್ತಿಲ್ಲ. "ಒಮ್ಮೆ ಹಿಡಿದರೆ ಬಿಡಿಸಲಾಗದ ಚಟ" ಎಂಬ ಅಂಜಿಕೆ, ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂಬ ಸಂಕೋಚ, ಆರಾಮವಾದೊಡನೆ ಔಷಧವನ್ನು ನಿಲ್ಲಿಸುವ ಅಭ್ಯಾಸ ಇದಕ್ಕೆ ಕಾರಣಗಳು. ನೆಗಡಿ ಬರುವುದಕ್ಕೆ ಮೊದಲೇ ಉರಿಯೂತವನ್ನು ಅಡಗಿಸಿಟ್ಟಿರುವ ಶ್ವಾಸನಾಳದಲ್ಲಿ ವೈರಸ್ಸಿನ ಹಾವಳಿ ಕಡಿಮೆ. ಬೆಂಕಿ ಹತ್ತಿದ ಮೇಲೆ ಮಣಿಯದ ಔಷಧವು ಬೆಂಕಿ ಹತ್ತದಂತೆ ಕಾಯಬಲ್ಲದು.

ನಮ್ಮಲ್ಲಿ ಶಾಲೆಗಳು ತೆರೆಯುವುದು ಮಳೆಗಾಲದ ಆರಂಭದಲ್ಲಿ. ಮಕ್ಕಳು ಒತ್ತಾಗಿ ಕೂಡುವ ತರಗತಿಗಳಲ್ಲಿ, ಒಂದೇ ಹಜಾರದಲ್ಲಿ ಹತ್ತಾರು ಮಂದಿ ಮಲಗುವ ವಿದ್ಯಾರ್ಥಿನಿಲಯಗಳಲ್ಲಿ ನೆಗಡಿ ಹರಡಲು ತಡವಾಗದು. ಉಬ್ಬಸವಿರುವ ಮಕ್ಕಳ ಪಟ್ಟಿಯನ್ನೂ, ಅವರವರ ವೈದ್ಯರು ಬರೆದುಕೊಟ್ಟ ಸೂಚನೆಯನ್ನೂ ವರ್ಷಾರಂಭದಲ್ಲೇ ಪಡೆದಿರಿಸುವುದು, ಶಾಲೆಯಲ್ಲಿಯೂ ನಿಲಯದಲ್ಲಿಯೂ ಸಾಲ್ಬ್ಯುಟಮಾಲ್ ಇನ್ಹೇಲರ್ ಮತ್ತು ಸ್ಪೇಸರನ್ನು ಕೈಗೆಟಕುವಂತೆ ಇಡುವುದು, ಗಾಳಿಯಾಡುವ ಕಿಟಕಿಗಳು, ಸಾಬೂನಿನಿಂದ ಕೈತೊಳೆಯುವ ಏರ್ಪಾಡು, ಹೊಗೆಯಿಲ್ಲದ ಅಡುಗೆಮನೆ ಇವು ಹೆಚ್ಚು ಖರ್ಚಿಲ್ಲದ ಕೆಲಸಗಳು. ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜ ಲಸಿಕೆ ಹಾಕಿಸುವ ಬಗ್ಗೆ ಪೋಷಕರು ವೈದ್ಯರನ್ನು ಕೇಳಬೇಕು. ದಾನಿಗಳ ಔದಾರ್ಯವು ಇಂತಹ ಕಡೆಗೆ ಹರಿದರೆ ಅದರ ಫಲ ಕಣ್ಣಿಗೆ ಕಾಣುವಂತಹುದು.

ಮಗುವು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಪೂರೈಸಲಾರದಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮವು ಒಳಗೆಳೆದುಕೊಳ್ಳುತ್ತಿದ್ದರೆ, ತುಟಿಗಳು ನೀಲಿಗಟ್ಟಿದರೆ, ಇಲ್ಲವೆ ಇನ್ಹೇಲರ್ ಸೇದಿದ ಮೇಲೂ ಉಪಶಮನ ಕಾಣದಿದ್ದರೆ ಅಧ್ಯಾಪಕರು ಪೋಷಕರ ಬರವನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿಯವರೆಗೆ ಮಗುವನ್ನು ಮಲಗಿಸದೆ ನೆಟ್ಟಗೆ ಕುಳ್ಳಿರಿಸಿ, ಸೂಚನೆಯಲ್ಲಿ ಬರೆದಂತೆ ಸಾಲ್ಬ್ಯುಟಮಾಲನ್ನು ಕೊಡುತ್ತಿರಬೇಕು. ಸಾಲ್ಬ್ಯುಟಮಾಲ್ ಬೇಗನೆ ತೀರುತ್ತಿರುವ ಮಗುವಿನ ಇನ್ಹೇಲರ್ ಕೂಡ ಒಂದು ಎಚ್ಚರಿಕೆಯೇ. ಅದರ ರೋಗವು ಹತೋಟಿಯಲ್ಲಿಲ್ಲವೆಂದು ತಿಳಿದು ಪೋಷಕರಿಗೆ ಹೇಳಿಕಳುಹಿಸಬೇಕು. ಸ್ಟೀರಾಯ್ಡಿಗೆ ಮಣಿಯದ ಉರಿಯೂತವನ್ನು ಗೆಲ್ಲುವ ಕಾರ್ಯ ಪ್ರಯೋಗಾಲಯಗಳಲ್ಲಿ ಮುಂದುವರಿಯುತ್ತಿದೆ. ಅದು ಪೂರ್ಣಗೊಳ್ಳುವವರೆಗೆ ಪ್ರತಿದಿನದ ಇನ್ಹೇಲರನ್ನು ತಪ್ಪದೆ, ಸರಿಯಾಗಿ ಸೇದಿಸುವ ಮನೆಯೂ, ಏದುಸಿರನ್ನು ಬೇಗ ಗುರುತಿಸುವ ಶಾಲೆಯೂ ಉಬ್ಬಸದ ಮಗುವಿಗೆ ಎಲ್ಲ ಹೊಸ ಔಷಧಗಳಿಗಿಂತ ಹತ್ತಿರದ ಆಸರೆಗಳು.